ಗೊತ್ತಿಲ್ಲದ ಹಾಗೆ ಇರುವುದು

ನನ್ನ ಮಗಳು ತನ್ನ ಕೋಣೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಾಳೆ. ‘ಬಾಗಿಲು ತಟ್ಟಿ, ಉತ್ತರ ಬಂದ ಮೇಲೆ ಒಳಗೆ ಬನ್ನಿ’ ಎಂದು. ಕೆಳಗೆ ನಗುವ ಮುಖವೊಂದನ್ನು ಬರೆದಿದ್ದಾಳೆ, ನನಗೆ ಬೇಜಾರಾಗದಿರಲಿ ಅಂತಿರಬೇಕು. ಪಿಯುಸಿ ಓದುವ ಹುಡುಗಿ. ಒಳಗೆ ಏನು ಮಾಡ್ತೀಯೆ ಎಂದು ಕೇಳಿದರೆ ಏನೂ ಇಲ್ಲ ಎನ್ನುತ್ತಾಳೆ. ಏನೂ ಇಲ್ಲದ್ದಕ್ಕೆ ಚಿಲಕ ಯಾಕೆ ಎಂದು ನಾನು ಕೇಳಬಾರದಂತೆ, ಅದು ಪ್ರೈವೆಸಿಯಂತೆ. ಮೊನ್ನೆ ಮಡಚಿದ ಬಟ್ಟೆಯ ರಾಶಿ ಹೊತ್ತುಕೊಂಡು ಆ ಬಾಗಿಲ ಮುಂದೆ ನಿಂತವಳು, ಎರಡೂ ಕೈ ತುಂಬಿರುವಾಗ ಯಾವುದರಿಂದ ತಟ್ಟುವುದೆಂದು ಯೋಚಿಸಿ ಕೊನೆಗೆ ಹಣೆಯಿಂದ ತಟ್ಟಿದೆ. ಉತ್ತರ ಬರಲಿಲ್ಲ, ಕಿವಿಗೆ ಏನೋ ಸಿಕ್ಕಿಸಿಕೊಂಡಿದ್ದಳು. ಹಾಗೆ ಬಾಗಿಲಿಗೆ ಹಣೆ ಊರಿ ನಿಂತಿದ್ದಾಗ ಮಾದಿಹಳ್ಳಿಯ ನಮ್ಮ ಬಚ್ಚಲುಮನೆ ಕಣ್ಣ ಮುಂದೆ ಬಂತು.

ಆ ಬಚ್ಚಲಿಗೆ ಬಾಗಿಲಿತ್ತು, ಚಿಲಕವಿರಲಿಲ್ಲ. ನಾನು ಹುಟ್ಟುವ ಮೊದಲೇ ಕಿತ್ತುಹೋಗಿತ್ತಂತೆ. ಹಾಕಿಸೋಣ ಹಾಕಿಸೋಣ ಎನ್ನುತ್ತಲೇ ನಮ್ಮಪ್ಪ ಇಬ್ಬರು ತಂಗಿಯರ ಮದುವೆ ಮಾಡಿ ಮುಗಿಸಿದರು. ಹನ್ನೊಂದು ಜನರ ಮನೆ. ಒಳಗಿರುವವರು ಆಗಾಗ ಚೊಂಬನ್ನು ಹಂಡೆಗೆ ತಗುಲಿಸಿ ಸದ್ದು ಮಾಡುತ್ತಿರಬೇಕು, ಹೊರಗಿನಿಂದ ಬರುವವರು ಕೆಮ್ಮಬೇಕು. ಇಷ್ಟೇ ಕಾನೂನು. ನಮ್ಮ ತಾತನ ಕೆಮ್ಮು ತೋಟದ ಬೇಲಿಯ ಹತ್ತಿರವೇ ಶುರುವಾಗುತ್ತಿತ್ತು. ಅದು ಕಾಯಿಲೆಯ ಕೆಮ್ಮಲ್ಲ, ಮರ್ಯಾದೆಯ ಕೆಮ್ಮು. ಹಿತ್ತಲಲ್ಲಿ ಹೆಂಗಸರು ತಲೆ ಬಿಚ್ಚಿಕೊಂಡೋ, ಸೆರಗು ಸಡಿಲಿಸಿ ಗಾಳಿಗೆ ಕೂತುಕೊಂಡೋ ಇದ್ದರೆ ಸರಿಮಾಡಿಕೊಳ್ಳಲು ಅಷ್ಟು ಹೊತ್ತು ಸಾಕಾಗುತ್ತಿತ್ತು. ಒಂದು ಸಲ ತಾತನಿಗೆ ನಿಜವಾದ ಕೆಮ್ಮೇ ಹಿಡಿದು ವಾರವಿಡೀ ಜಗಲಿಯ ಮೇಲೆ ಮಲಗಿದ್ದರು. ಆ ವಾರ ಹಿತ್ತಲಲ್ಲಿ ಯಾವ ಕೆಲಸವೂ ಸಾಗಲಿಲ್ಲ, ಹೆಂಗಸರು ನಿಮಿಷಕ್ಕೊಮ್ಮೆ ಸೆರಗು ಹೊದ್ದು ಎದ್ದು ನಿಲ್ಲುತ್ತಿದ್ದರು.

ನನ್ನದೂ ಒಂದು ಗುಟ್ಟಿನ ಜಾಗವಿತ್ತು. ರಾಗಿ ತುಂಬಿಡುವ ಮಣ್ಣಿನ ವಾಡೆಗಳ ಹಿಂದೆ, ಗೋಡೆಗೂ ವಾಡೆಗೂ ನಡುವೆ, ಒಬ್ಬಳು ಹುಡುಗಿ ಮಂಡಿ ಮಡಚಿ ಕೂರುವಷ್ಟು ಜಾಗ. ಅಲ್ಲಿ ಕೂತು ಕದ್ದ ಬೆಲ್ಲ ತಿನ್ನುತ್ತಿದ್ದೆ. ಕತ್ತಲು, ರಾಗಿಯ ತಂಪು ವಾಸನೆ, ನಾಲಿಗೆಯ ಮೇಲೆ ಕರಗುವ ಅಚ್ಚು ಬೆಲ್ಲ. ಹೊರಗೆ ಯಾರೋ ನನ್ನ ಹೆಸರು ಹಿಡಿದು ಕೂಗುತ್ತಿದ್ದರೆ ಅದು ಬೇರೆ ಯಾರದೋ ಹೆಸರೆನ್ನಿಸುತ್ತಿತ್ತು. ಇಡೀ ಮನೆಯನ್ನು ಮೋಸಗೊಳಿಸಿದ್ದೇನೆಂದು ನನ್ನ ನಂಬಿಕೆ. ಬೆಲ್ಲದ ಡಬ್ಬ ಮೊದಲು ಮೇಲಿನ ಗೂಡಿನಲ್ಲಿರುತ್ತಿತ್ತು. ನಾನು ಹಲಗೆ ಹತ್ತಿ ಒಮ್ಮೆ ಬಿದ್ದ ಮೇಲೆ ಅದು ಕೆಳಗಿನ ಗೂಡಿಗೆ ಬಂತು. ಡಬ್ಬ ತಾನಾಗಿ ಇಳಿದು ಬಂದಿರಲಾರದು, ಅಜ್ಜಿಯೇ ಇಳಿಸಿರಬೇಕು ಎಂದು ನನಗೆ ಹೊಳೆದದ್ದು ನನ್ನ ಮಗಳಿಗೆ ಆರು ವರ್ಷವಾದಾಗ. ನನ್ನ ಬುದ್ಧಿ ಯಾವಾಗಲೂ ಹೀಗೆ, ಮೂವತ್ತು ವರ್ಷ ತಡ.

ಗುಟ್ಟಿನ ಮಾತು ಎತ್ತುವ ಅರ್ಹತೆಯೂ ನನಗಿಲ್ಲ ಬಿಡಿ. ಬಾಯಲ್ಲಿ ಅವರೆಕಾಳು ನೆನೆಯುವುದಿಲ್ಲ ಎನ್ನುತ್ತಾರಲ್ಲ, ಆ ಪೈಕಿ ನಾನು. ನಮ್ಮ ಸೋದರತ್ತೆಯನ್ನು ನೋಡಲು ಬೇಲೂರಿನಿಂದ ಗಂಡಿನವರು ಬಂದಿದ್ದಾಗ ಎಲ್ಲರ ನಡುವೆ ನಿಂತು, ನೀವು ಕೂತಿರುವ ಕುರ್ಚಿ ಎದುರು ಮನೆಯವರದು, ಲೋಟ ಪಕ್ಕದ ಮನೆಯವರದು, ಕಾಫಿ ಮಾತ್ರ ನಮ್ಮದು ಎಂದು ಒಪ್ಪಿಸಿದವಳು ನಾನು. ಮದುವೆಯೇನೋ ಆಯಿತು. ಸೋದರತ್ತೆ ಇವತ್ತಿಗೂ ಮನೆಗೆ ಹೋದರೆ ಲೋಟ ತೋರಿಸಿ, ಇದು ನಮ್ಮದೇ ಕಣೆ ಎಂದು ಹೇಳಿಯೇ ಕಾಫಿ ಕೊಡುತ್ತಾರೆ.

ಇಂಥವಳನ್ನು ಅರಸೀಕೆರೆಗೆ ಮದುವೆ ಮಾಡಿಕೊಟ್ಟರು. ಕೊಬ್ಬರಿ ಮಂಡಿಯ ಹಿಂದಿನ ಬೀದಿ. ಒಂದೇ ಅಗಲದ ಮನೆಗಳು, ಗೋಡೆಗೆ ಗೋಡೆ, ಪಕ್ಕದ ಮನೆಯಲ್ಲಿ ಒಗ್ಗರಣೆಗೆ ಏನು ಹಾಕಿದರೆಂದು ನಮ್ಮ ಮನೆಯ ಸೀನೇ ಹೇಳುತ್ತದೆ. ಮುಂಜಾನೆ ಮಂಜಿನಲ್ಲಿ ಕೊಬ್ಬರಿಯ ವಾಸನೆ ನೆಲಮಟ್ಟಕ್ಕೆ ಇಳಿದು ಕೂತಿರುತ್ತದೆ. ದೂರದಲ್ಲಿ ಗೂಡ್ಸ್ ರೈಲು ನಿಂತು, ಎಷ್ಟೋ ಹೊತ್ತಿನ ಮೇಲೆ ಒಂದೊಂದೇ ಡಬ್ಬಿ ಎಳೆದುಕೊಂಡು ಹೊರಡುತ್ತದೆ. ಮದುವೆಯಾದ ಹೊಸತರಲ್ಲಿ ಆ ಸದ್ದು ಕೇಳಿದರೆ ನಿದ್ದೆ ಹಾರುತ್ತಿತ್ತು, ಈಗ ಕೇಳದಿದ್ದರೆ ಹಾರುತ್ತದೆ.

ನಮ್ಮ ಎದುರು ಮನೆ ಜಯಕ್ಕನದು. ಬೀದಿಗೆ ರಂಗೋಲಿ ಕಲಿಸಿದವರು ಅವರು. ಧನುರ್ಮಾಸ ಬಂತೆಂದರೆ ಅವರ ಮನೆಯ ಮುಂದೆ ಹದಿನೈದು ಚುಕ್ಕಿ, ಇಪ್ಪತ್ತೊಂದು ಚುಕ್ಕಿ, ಎಳೆ ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ಎಂದು ಯಾರಿಗೂ ಗೊತ್ತಾಗದ ಹಾಗೆ. ಬೀದಿಯಲ್ಲಿ ಯಾರ ಮದುವೆಯಾದರೂ ಚಪ್ಪರದಡಿಯ ರಂಗೋಲಿಗೆ ಅವರೇ ಬರಬೇಕು. ನನಗೂ ಕೈ ಹಿಡಿದು ಕಲಿಸಲು ನೋಡಿದರು. ನಾನು ಹಾಕಿದ ಕಮಲವನ್ನು ನೋಡಿ, ಎಲೆಕೋಸು ಚೆನ್ನಾಗಿ ಬಂದೈತೆ ಎಂದು ಹೊಗಳಿದ್ದರು. ಅವರ ಯಜಮಾನರು ನಂಜಣ್ಣ ಸರ್ಕಾರಿ ಬಸ್ಸಿನ ಡ್ರೈವರು. ದಪ್ಪ ಮೀಸೆ, ಭಾರಿ ಶರೀರ, ಮನೆಯಲ್ಲೂ ಹಾರ್ನ್ ಹೊಡೆದ ಹಾಗೇ ಮಾತು. ಹಳೇಬೀಡಿನ ಶಾಲೆಯೊಂದರಲ್ಲಿ ಗುಮಾಸ್ತೆಯಾಗಿರುವ ನಾನು ವಾರದಲ್ಲಿ ಮೂರು ದಿನ ಅವರ ಬೇಲೂರು ಬಸ್ಸಿನಲ್ಲೇ ಹೋಗುವುದು.

ಹೋದ ವರ್ಷ ದಸರಾ ಕಳೆದ ಮೇಲೆ ಜಯಕ್ಕ ಹೊರಗೆ ಬರುವುದು ಕಡಿಮೆಯಾಯಿತು. ಎರಡು ಮದುವೆಗೆ ಕರೆದರೂ ಸೊಂಟ ನೋವೆಂದು ಹೋಗಲಿಲ್ಲ. ಆದರೆ ಅವರ ಮನೆಯ ಮುಂದೆ ದಿನಾ ರಂಗೋಲಿ ಇರುತ್ತಿತ್ತು. ಸ್ವಲ್ಪ ದಪ್ಪ ಎಳೆ, ಚುಕ್ಕಿ ಅಲ್ಲಲ್ಲಿ ಸಾಲು ತಪ್ಪಿದ್ದವು. ವಯಸ್ಸಾಯಿತಲ್ಲ ಎಂದುಕೊಂಡೆ. ಅದೇ ಹೊತ್ತಿಗೆ ನಮ್ಮತ್ತೆ ನನಗೂ, ದೊಡ್ಡದೆಲ್ಲ ಬೇಡ, ಐದು ಚುಕ್ಕಿ ಇಟ್ಟು ನಾಲ್ಕು ಎಳೆ ಎಳೆದು ಬಾ, ಆಫೀಸಿಗೆ ಹೊತ್ತಾಗುತ್ತೆ ಎಂದು ಹೇಳಲು ಶುರುಮಾಡಿದರು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಅತ್ತೆಗೆ ನನ್ನ ಮೇಲೆ ಕನಿಕರ ಬಂದಿದೆಯಲ್ಲ ಎಂದು ನಾನು ಒಳಗೊಳಗೇ ಉಬ್ಬಿಹೋದೆ.

ಧನುರ್ಮಾಸದ ಒಂದು ಬೆಳಗ್ಗೆ, ಇನ್ನೂ ಬೆಳಕು ಹರಿದಿರಲಿಲ್ಲ, ಹಾಲು ತರಲೆಂದು ಬಾಗಿಲು ತೆಗೆಯಹೋದವಳು ಕಿಟಕಿಯಲ್ಲೇ ನಿಂತುಬಿಟ್ಟೆ. ಎದುರು ಮನೆಯ ಮುಂದೆ ಮಂಜಿನಲ್ಲಿ ಏನೋ ಒಂದು ಗುಡ್ಡೆ ಕುಕ್ಕುರುಗಾಲಲ್ಲಿ ಕೂತು ನಿಧಾನಕ್ಕೆ ಹಿಂದೆ ಹಿಂದೆ ಸರಿಯುತ್ತಿತ್ತು. ಕಳ್ಳನಿರಬೇಕೆಂದುಕೊಂಡೆ. ಕಳ್ಳ ತಲೆಗೆ ಮಂಕಿ ಕ್ಯಾಪು ಹಾಕಿದ್ದ, ಬಾಯಲ್ಲಿ ಚಿಕ್ಕ ಟಾರ್ಚು ಕಚ್ಚಿಕೊಂಡಿದ್ದ. ಟಾರ್ಚಿನ ಬೆಳಕು ಬಿದ್ದ ಕಡೆ ಬಿಳಿ ಎಳೆಯೊಂದು ಅಳುಕುತ್ತ ಮುಂದೆ ಹೋಗುತ್ತಿತ್ತು. ನಂಜಣ್ಣ. ಕತ್ತಲು ತುಂಬಿದ ಅವರ ಕಿಟಕಿಯೊಳಗಿಂದ ಜಯಕ್ಕನ ದನಿ ಪಿಸುಪಿಸು ಬರುತ್ತಿತ್ತು: ಎಡಕ್ಕೆ, ಇನ್ನೊಂದು ಚೂರು ಎಡಕ್ಕೆ, ಎರಡು ಚುಕ್ಕಿ ಬಿಟ್ಟು ತಿರುಗಿಸ್ಕಳಿ. ಅಷ್ಟು ದೊಡ್ಡ ಮನುಷ್ಯ ಹೇಳಿದ ಹಾಗೆ ತಿರುಗಿಸುತ್ತಿದ್ದರು. ಒಂದು ಸಲ ಹಿಂದಕ್ಕೆ ಸರಿಯುವಾಗ ತಾವೇ ಹಾಕಿದ್ದನ್ನು ತುಳಿದರು. ಒಳಗಿಂದ ಜಯಕ್ಕ ನಕ್ಕದ್ದು ಕೇಳಿಸಿತು. ಬಾಯಲ್ಲಿ ಟಾರ್ಚಿದ್ದ ಕಾರಣ ಇವರಿಗೆ ನಗಲೂ ಆಗಲಿಲ್ಲ, ಬೈಯಲೂ ಆಗಲಿಲ್ಲ. ಕಿಟಕಿಯ ಸರಳು ಹಿಡಿದಿದ್ದ ಜಯಕ್ಕನ ಬಲಗೈ ಮಾತ್ರ ಟಾರ್ಚಿನ ಬೆಳಕು ಹಾಯ್ದಾಗ ಕಂಡಿತು. ಅದು ನಡುಗುತ್ತಿತ್ತು. ಚಳಿಗೆ ನಡುಗುವ ಹಾಗಲ್ಲ, ತನ್ನ ಪಾಡಿಗೆ ತಾನು, ನಿಲ್ಲದೆ.

ಜಯಕ್ಕನನ್ನು ಬಲ್ಲವಳಿಗೆ ಬಿಡಿಸಿ ಹೇಳಬೇಕಾದ್ದಿರಲಿಲ್ಲ. ಅವರು ಏನನ್ನು ಬೇಕಾದರೂ ಸಹಿಸುತ್ತಾರೆ, ‘ಅಯ್ಯೋ ಪಾಪ’ ಅನ್ನಿಸಿಕೊಳ್ಳುವುದೊಂದನ್ನು ಬಿಟ್ಟು. ಕೈ ಹೋಗಿದೆ ಎಂದು ಗೊತ್ತಾದರೆ ಬೀದಿಗೆ ಬೀದಿಯೇ ಹಣ್ಣು ಹಿಡಿದು ಮಾತನಾಡಿಸಲು ಬರುತ್ತದೆ. ಇನ್ನು ನಂಜಣ್ಣ ರಂಗೋಲಿ ಹಾಕುವ ಸುದ್ದಿ ಡಿಪೋ ತಲುಪಿದರೆ ಆ ಮೀಸೆಯ ಗತಿ ಏನು, ನೀವೇ ಹೇಳಿ.

ಆ ದಿನವೆಲ್ಲ ನನ್ನ ಬಾಯಿ ತುರಿಸಿತು. ಸಂಜೆಯ ಹೊತ್ತಿಗೆ ತಡೆಯಲಾರದೆ ಅತ್ತೆಯ ಕಿವಿಯಲ್ಲಿ ಹಾಕಿದೆ. ಅತ್ತೆ ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ.

‘ಗೊತ್ತೈತೆ, ಸುಮ್ಕಿರು,’ ಎಂದರು. ‘ಎರಡು ತಿಂಗಳಾತು. ನೀನು ಈಗ ನೋಡಿದ್ಯಾ?’

ಅತ್ತೆಗೊಬ್ಬರಿಗೇ ಅಲ್ಲ, ಬೀದಿಯ ಎಲ್ಲರಿಗೂ ಗೊತ್ತಿತ್ತು. ಯಾರೂ ಯಾರಿಗೂ ಹೇಳಿರಲಿಲ್ಲ. ನಂಜಣ್ಣನ ದಪ್ಪ ಎಳೆ ಎದ್ದು ಕಾಣಬಾರದೆಂದು ಒಬ್ಬೊಬ್ಬರಾಗಿ ತಮ್ಮ ಮನೆಯ ಮುಂದಿನದನ್ನು ಸಣ್ಣದು ಮಾಡಿಕೊಂಡು ಬಂದಿದ್ದರು. ನವಿಲು, ತೇರು, ಆನೆ ಹಾಕುತ್ತಿದ್ದವರೆಲ್ಲ ಐದು ಚುಕ್ಕಿಗೆ ಇಳಿದಿದ್ದರು. ಅತ್ತೆಗೆ ನನ್ನ ಮೇಲೆ ಬಂದ ಕನಿಕರ ಕನಿಕರವಲ್ಲ ಎಂದು ಆಗ ತಿಳಿಯಿತು. ಸ್ವಲ್ಪ ಪಿಚ್ಚೆನಿಸಿತು, ಸುಳ್ಳು ಯಾಕೆ ಹೇಳಲಿ.

ಆಮೇಲಾಮೇಲೆ ಇಂಥದ್ದು ನನಗೆ ಎಲ್ಲ ಕಡೆ ಕಾಣತೊಡಗಿತು. ಶಾಲೆ ಮುಗಿಸಿ ಬಸ್ಸಿಗೆ ಕಾಯುವ ಬದಲು ಒಮ್ಮೊಮ್ಮೆ ಬಸ್ತಿಹಳ್ಳಿಯ ಕಡೆ ನಡೆದು ಹೋಗುತ್ತೇನೆ. ಬಸದಿಯ ಹಿಂದಿನ ಹುಲ್ಲಿನಲ್ಲಿ ಕಾಲೇಜಿನ ಹುಡುಗ ಹುಡುಗಿ ಕೂತಿರುತ್ತಾರೆ, ನಡುವೆ ಎರಡು ಬ್ಯಾಗು ಇಟ್ಟುಕೊಂಡು. ಅಲ್ಲೇ ಒಬ್ಬ ಅಜ್ಜಿ ಮೇಕೆ ಮೇಯಿಸುತ್ತಾಳೆ. ಮೇಕೆಗಳು ಆ ಜೋಡಿಯ ಕಡೆ ಇದ್ದರೂ ಅಜ್ಜಿ ಮಾತ್ರ ಬೆನ್ನು ತಿರುಗಿಸಿ, ಕೆರೆಯ ಕಡೆ ಮುಖ ಮಾಡಿ ಕೂತಿರುತ್ತಾಳೆ. ಕೆರೆಯಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ. ಬಿಸಿಲು ಇಳಿಯುತ್ತಿರುತ್ತದೆ, ನೀರು ಮಿನುಗುತ್ತಿರುತ್ತದೆ, ನಾನೂ ಅವಳು ನೋಡುವ ಕಡೆಯೇ ನೋಡುತ್ತ ಹೊತ್ತು ಹೋದದ್ದು ತಿಳಿಯದೆ ಎರಡು ಸಲ ಬಸ್ಸು ತಪ್ಪಿಸಿಕೊಂಡಿದ್ದೇನೆ. ಗುಟ್ಟೆಂದರೆ ಬಾಗಿಲು ಹಾಕಿಕೊಳ್ಳುವುದು ಎಂದುಕೊಂಡಿದ್ದೆ. ಎಷ್ಟೋ ಗುಟ್ಟುಗಳಿಗೆ ಬಾಗಿಲೇ ಇಲ್ಲ, ಎದುರಿಗಿದ್ದವರು ಕಣ್ಣು ಅತ್ತ ತಿರುಗಿಸಿದ್ದರಿಂದ ಉಳಿದುಕೊಂಡಿರುತ್ತವೆ.

ಹೀಗೆ ಎಲ್ಲ ನೆಟ್ಟಗೆ ನಡೆಯುತ್ತಿದ್ದಾಗ ನಂಜಣ್ಣನ ತಂದೆಯ ತಿಥಿ ಬಂತು.

ತಿಥಿಯ ದಿನ ಎಡೆ ಇಟ್ಟು ಮುಗಿಯುವ ತನಕ ಆ ಮನೆಯ ಮುಂದೆ ರಂಗೋಲಿ ಹಾಕುವಂತಿಲ್ಲ. ಇದನ್ನು ನಮ್ಮಲ್ಲಿ ಯಾವ ಹೆಣ್ಣುಮಗುವಿಗೂ ಹೇಳಿಕೊಡಬೇಕಾಗಿಲ್ಲ. ಗಂಡಸರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ, ಅವರಿಗೆ ಅದು ಬೇಕಾಗಿಯೂ ಇರುವುದಿಲ್ಲ. ಅಂದು ಬೆಳಗ್ಗೆ ಬಾಗಿಲು ತೆಗೆದು ನೋಡಿದರೆ ಎದುರು ಮನೆಯ ಮುಂದೆ ಹನ್ನೊಂದು ಚುಕ್ಕಿಯ ರಂಗೋಲಿ ಬೆಳ್ಳಗೆ ಹೊಳೆಯುತ್ತಿತ್ತು. ಅಷ್ಟೂ ದಿನದಲ್ಲಿ ಇಷ್ಟು ಒಪ್ಪವಾದದ್ದು ಅವರಿಂದ ಬಂದಿರಲಿಲ್ಲ. ನಂಜಣ್ಣ ಬಾಳೆಲೆ, ತರಕಾರಿ ತರಲು ಪೇಟೆಗೆ ಹೋಗಿಯಾಗಿತ್ತು. ಜಯಕ್ಕ ಹಿಂದಿನ ಅಡುಗೆಮನೆಯಲ್ಲಿ. ಒಂಬತ್ತು ಗಂಟೆಗೆ ಹಗರೆಯಿಂದ ಜಯಕ್ಕನ ವಾರಗಿತ್ತಿ, ನಂಜಣ್ಣನ ಅಣ್ಣನ ಹೆಂಡತಿ, ಬರುವವರಿದ್ದರು. ಆಯಮ್ಮನ ಬಾಯಿ ನಮ್ಮ ಬೀದಿಗೆಲ್ಲ ಪರಿಚಯ. ತಿಥಿಯ ದಿನ ಬಾಗಿಲಲ್ಲಿ ರಂಗೋಲಿ ಕಂಡರೆ ಯಾರು ಹಾಕಿದ್ದೆಂದು ಕೇಳದೆ ಬಿಡುವವರಲ್ಲ. ಜಯಕ್ಕ ತಾನೇ ಎಂದರೆ, ಬುದ್ಧಿ ನೆಟ್ಟಗೈತಾ ಎನ್ನಿಸಿಕೊಳ್ಳಬೇಕು. ಅಲ್ಲವೆಂದರೆ ಕೈಯ ಕತೆ ಹೊರಗೆ ಬರುತ್ತದೆ.

ಬೀದಿಯ ಹೆಂಗಸರೆಲ್ಲ ಅವರವರ ಬಾಗಿಲಲ್ಲಿ ನಿಂತಿದ್ದರು, ಅವರವರ ಕಾಲಿನ ಹೆಬ್ಬೆರಳು ನೋಡಿಕೊಂಡು. ಹೋಗಿ ಹೇಳಿದರೆ ಗೊತ್ತಿದೆ ಎಂದಾಗುತ್ತದೆ. ಇನ್ನೊಬ್ಬರ ಮನೆಯ ರಂಗೋಲಿಯನ್ನು ಅಳಿಸುವುದಂತೂ ಉಂಟೆ.

ಅತ್ತೆ ನನ್ನ ಕೈಗೆ ನೀರಿನ ಬಕೆಟ್ಟು ಕೊಟ್ಟು, ಗಾಡಿ ತೊಳಿ ಹೋಗು ಎಂದರು. ನಿನ್ನೆ ತಾನೆ ತೊಳೆದೆನಲ್ಲ ಎಂದೆ. ಅತ್ತೆ ಒಂದು ನೋಟ ನೋಡಿದರು. ಸ್ಕೂಟರನ್ನು ಎದುರು ಮನೆಯ ಹತ್ತಿರಕ್ಕೆ ತಳ್ಳಿಕೊಂಡು ಹೋಗಿ ನಿಲ್ಲಿಸಿದೆ. ಹತ್ತಿರದಿಂದ ಆ ರಂಗೋಲಿಯನ್ನು ನೋಡಿದೆ. ಒಂದೊಂದು ಚುಕ್ಕಿಯೂ ಉಸಿರು ಹಿಡಿದು ಇಟ್ಟ ಹಾಗಿತ್ತು. ಮೂಲೆಯಲ್ಲಿ ಕೊನೆಯ ಎಳೆ ಇನ್ನೊಂದು ತುದಿಯನ್ನು ಕೂಡದೆ ಎರಡು ಬೆರಳಿನಷ್ಟು ಅಂತರದಲ್ಲಿ ನಿಂತುಬಿಟ್ಟಿತ್ತು. ಪುಡಿ ಮುಗಿಯಿತೋ, ಧೈರ್ಯ ಮುಗಿಯಿತೋ. ಕಾಲು ಎಡವಿದವಳ ಹಾಗೆ ಮುಗ್ಗರಿಸಿ ಬಕೆಟ್ಟನ್ನು ಪೂರ್ತಿ ಅದರ ಮೇಲೆ ಸುರಿದುಬಿಟ್ಟೆ.

ಅತ್ತೆ ಬೀದಿಗೇ ಕೇಳುವ ಹಾಗೆ ಬೈಯಲು ಶುರುಮಾಡಿದರು. ಕಣ್ಣು ನೆತ್ತಿ ಮೇಲಿದೆಯೇ, ಜಯಮ್ಮ ಅಷ್ಟೊತ್ತಿಗೇ ಎದ್ದು ಹಾಕಿದ್ದನ್ನು ಹಾಳುಮಾಡಿದೆಯಲ್ಲ ಎಂದು. ಪಕ್ಕದ ಮನೆಯವರೂ ಬೈದರು. ಒಬ್ಬೊಬ್ಬರೂ ತಮ್ಮ ಮನೆಯಿಂದ ಒಂದೊಂದು ಬಕೆಟ್ಟು ನೀರು ತಂದು, ಇವಳು ಮಾಡಿದ್ದನ್ನು ಯಾರು ತೊಳೆಯಬೇಕು ಎಂದು ಗೊಣಗುತ್ತ ಸುರಿದು ಪೊರಕೆಯಲ್ಲಿ ಗುಡಿಸಿದರು. ಐದು ನಿಮಿಷಕ್ಕೆ ನೆಲ ಸ್ವಚ್ಛವಾಯಿತು. ಅಷ್ಟು ಜನರಿಂದ ಅಷ್ಟು ಮನಸಾರೆ ನಾನು ಯಾವತ್ತೂ ಬೈಸಿಕೊಂಡಿರಲಿಲ್ಲ. ಸದ್ದು ಕೇಳಿ ಹೊರಗೆ ಬಂದ ಜಯಕ್ಕ, ಒದ್ದೆ ನೆಲವನ್ನು ನೋಡಿದರು, ನನ್ನ ಒದ್ದೆ ಸೀರೆಯನ್ನು ನೋಡಿದರು, ಒಳಗೆ ಹೋದರು. ಬಾಳೆಲೆ ತಂದ ನಂಜಣ್ಣ, ನಾನು ತಪ್ಪಾಯಿತು ಎಂದದ್ದಕ್ಕೆ, ಹೋಗಲಿ ಬಿಡಮ್ಮ, ನಾಳೆ ಹಾಕ್ತಾಳೆ ಎಂದರು. ಆದರೂ ಆ ಒದ್ದೆ ನೆಲದ ಮುಂದೆ ಎಲೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೇ ಇದ್ದರು.

ಎಡೆ, ಊಟ ಎಲ್ಲ ಮುಗಿದು ಹಗರೆಯವರು ಹೊರಟ ಮೇಲೆ ಜಯಕ್ಕ ನಮ್ಮ ಮನೆಗೆ ಬಂದರು. ಮೂರು ತಿಂಗಳ ಮೇಲೆ ಮೊದಲ ಸಲ. ವಡೆ ಪಾಯಸದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಮುಚ್ಚಳ ಗಡಗಡ ಸದ್ದು ಮಾಡುತ್ತಿತ್ತು. ಅತ್ತೆ ಡಬ್ಬಿಯನ್ನಷ್ಟೇ ನೋಡಿದರು. ಈಸಿಕೊಂಡು ಕೆಳಗಿಟ್ಟು, ಪಾಯಸಕ್ಕೆ ಗಸಗಸೆ ಹಾಕಿದ್ದೀಯಾ ಎಂದು ಕೇಳಿದರು. ಜಯಕ್ಕ ಕೈಗಳನ್ನು ಸೆರಗಿನೊಳಗೆ ಹಾಕಿಕೊಂಡು ಗೋಡೆಗೆ ಒರಗಿ ಕೂತರು.

‘ನಾನು ದಣಿದು ಮಲಗಿದ್ದೆ ಅಂತ ಏಳಿಸ್ದೆ ಒಬ್ರೇ ಹಾಕವ್ರೆ ಕಣೆ ಸುಧಾ,’ ಎಂದರು. ‘ನಾನು ನೋಡ್ಲೇ ಇಲ್ಲ. ಹೆಂಗಿತ್ತು?’

ಅತ್ತೆ ಎದ್ದು, ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಹೋದರು. ಉತ್ತರ ಹೇಳಬೇಕಾದವಳು ನಾನೊಬ್ಬಳೇ ಉಳಿದೆ. ಹನ್ನೊಂದು ಚುಕ್ಕಿ ಎಂದೆ. ನಡುವೆ ಕಮಲ, ಸುತ್ತ ಬಳ್ಳಿ, ಬಳ್ಳಿಗೆ ನೀವು ಹಾಕುತ್ತಿದ್ದ ಹಾಗೇ ಸಣ್ಣ ಸಣ್ಣ ಸುರುಳಿ ಎಂದೆ. ಜಯಕ್ಕ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

‘ಕೊನೇ ಎಳೆ ಕೂಡ್ತಾ?’

‘ಕೂಡಿತ್ತು ಕಣಕ್ಕ,’ ಎಂದೆ. ‘ಕೂಡಿದ್ದು ಎಲ್ಲಿ ಅಂತಾನೆ ಗೊತ್ತಾಗ್ತಿರ್ಲಿಲ್ಲ.’

ಅವರ ಮುಖ ಅರಳಿದ್ದನ್ನು ನಾನು ಬರೆದು ತೋರಿಸಲಾರೆ. ಆಮೇಲೆ, ಬೀದಿಗೆಲ್ಲ ಗೊತ್ತೆಂದು ತಮಗೆ ಯಾವಾಗಲೋ ಗೊತ್ತು ಎಂದರು. ಇಷ್ಟು ಜನ ಹೆಂಗಸರಿಗೆ ಒಟ್ಟಿಗೆ ರಂಗೋಲಿ ಮರೆತುಹೋಗುತ್ತದಾ ಎಂದು ನಕ್ಕರು.

‘ಅವ್ರಿಗೆ ಮಾತ್ರ ತಿಳೀಬಾರ್ದು ಕಣೆ. ತಿಳಿದ್ರೆ ನಾಳಿಂದ ನಿಲ್ಲಿಸ್ಬಿಡ್ತಾರೆ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದೀನಿ. ಆ ಅರ್ಧ ಗಂಟೆ ಒಂದ್ರಲ್ಲೇ ಅವ್ರು ನನ್ನ ಮಾತು ಕೇಳೋದು.’

ನನಗೆ ಅಳು ಬಂದುಬಿಟ್ಟಿತು. ಯಾರಿಗೂ ಹೇಳಲ್ಲ ಅಕ್ಕ ಎಂದೆ. ಜಯಕ್ಕ ನನ್ನನ್ನು ಬಲ್ಲವರು, ನಂಬಿಕೆ ಬರದ ಹಾಗೆ ನೋಡಿದರು.

ಅದಾಗಿ ನಾಲ್ಕು ದಿನಕ್ಕೆ ನಂಜಣ್ಣನ ಬಸ್ಸು ಸಿಕ್ಕಿತು. ಮುಂದಿನ ಸೀಟಿನಲ್ಲಿ ಕೂತಿದ್ದೆ. ಜಾವಗಲ್ಲು ದಾಟಿದ ಮೇಲೆ ಮಂಜು ಎಷ್ಟು ದಟ್ಟವಿತ್ತೆಂದರೆ ಬಸ್ಸು ರಸ್ತೆಯ ಮೇಲಿದೆಯೋ ಮೋಡದಲ್ಲಿದೆಯೋ ತಿಳಿಯುತ್ತಿರಲಿಲ್ಲ. ತೆಂಗಿನ ಮರಗಳು ಒಂದೊಂದೇ ಎದುರಾಗಿ, ಏನೋ ಹೇಳಬೇಕೆಂದು ಬಂದು ಹೇಳದೆ ಹಿಂದೆ ಸರಿದು ಹೋಗುತ್ತಿದ್ದವು. ನಂಜಣ್ಣ ನಿಧಾನಕ್ಕೆ ಓಡಿಸುತ್ತಿದ್ದರು. ರಸ್ತೆಯಿಂದ ಕಣ್ಣು ತೆಗೆಯದೆ ಮಾತು ತೆಗೆದರು.

‘ನಮ್ಮ ಬೀದಿ ಹೆಂಗಸ್ರಿಗೆಲ್ಲ ಏನಾಗೈತಮ್ಮ? ಈ ಸಲ ಒಬ್ರೂ ನೆಟ್ಟಗೆ ಒಂದು ರಂಗೋಲಿ ಹಾಕ್ಲಿಲ್ಲ.’

ಚಳಿ ಜಾಸ್ತಿ ಅಣ್ಣ, ಸೋಮಾರಿತನ ಎಂದೆ. ಅವರು ಮೀಸೆಯೊಳಗೇ ನಕ್ಕರು. ಸ್ಟೇರಿಂಗು ಹಿಡಿದಿದ್ದ ಅವರ ಬೆರಳ ಸಂದಿಗಳಲ್ಲಿ ರಂಗೋಲಿ ಪುಡಿ ಬೆಳ್ಳಗೆ ಕೂತಿತ್ತು.

‘ಈ ಬೀದೀಲಿ ಇನ್ನೂ ಕೈ ಗಟ್ಟಿಯಾಗಿರೋದು ಅಂದ್ರೆ ನಮ್ಮ ಜಯಂಗೊಬ್ಬಳಿಗೇ ನೋಡು,’ ಎಂದರು.

‘ಹೌದಣ್ಣ,’ ಎಂದೆ.